ಬಳೆ ತರಲು ಹೋದ ಮಿಲಿಟ್ರಿಯವ

ನಮ್ಮವರು ಹದಿನೇಳು ವರ್ಷ ಸೈನ್ಯದಲ್ಲಿದ್ದು ಒಬ್ಬನೇ ಒಬ್ಬ ಶತ್ರುವನ್ನೂ ಕೊಲ್ಲಲಿಲ್ಲ. ಆದರೆ ನಿವೃತ್ತರಾಗಿ ಬಂದ ಮೇಲೆ ಕಡಬದ ಒಂದು ಸಣ್ಣ ಕೋಣೆಯಲ್ಲಿ ಕೂತು, ಒಂದು ತಮಿಳು ಸಂಸಾರವನ್ನು ನೂರಾರು ಸಲ ಸಾವಿನಿಂದ ಪಾರು ಮಾಡಿದರು! ಇದಕ್ಕೆ ಸರಕಾರ ಪದಕ ಕೊಡಲಿಲ್ಲ. ಊರಿನವರು ಮಾತ್ರ ಒಂದು ಬಿರುದು ಕೊಟ್ಟರು: 'ಮಂಡೆ ಸರಿ ಇಲ್ಲದ ಕೇಬಲಿನವ'.

ಆ ಬಿರುದನ್ನು ನಾನು ಒಪ್ಪುವುದಿಲ್ಲ. ಅವರು ಇದ್ದಾಗ ಒಪ್ಪುತ್ತಿದ್ದೆ, ನಾನೇ ದಿನಕ್ಕೆರಡು ಸಲ ಹೇಳುತ್ತಿದ್ದೆ. ಈಗ ಅವರಿಲ್ಲ. ಬೇರೆ ಯಾರಾದರೂ ಹೇಳಿದರೆ ಸಿಟ್ಟು ಬರುತ್ತದೆ. ಗಂಡನಿಗೆ ಹುಚ್ಚು ಎನ್ನುವ ಹಕ್ಕು ಇರುವುದು ಹೆಂಡತಿಗೆ ಮಾತ್ರ, ಅಲ್ಲವೇ?

ಹೆಸರು ಹೇಳುವುದಿಲ್ಲ. ಮದುವೆಯಾದಂದಿನಿಂದ ಬಾಯಿಬಿಟ್ಟು ಹೇಳದ ಹೆಸರನ್ನು ಈಗ ಎಲ್ಲರೆದುರು ಬರೆದರೆ ಅವರೇ ಗಾಬರಿಯಾಗಿ ಎದ್ದು ಬಂದಾರು. ಬಂದರೆ ಒಳ್ಳೆಯದೇ! ಆದರೆ ಬರುವುದಿಲ್ಲ. ಇನ್ನೊಂದು ಮಾತು, ಮನೆಯಲ್ಲಿ ನಾವಾಡುವುದು ತುಳು. ಓದುವವರಿಗೆ ಕಷ್ಟವಾಗಬಾರದೆಂದು ಇಲ್ಲಿ ಎಲ್ಲರನ್ನೂ ಕನ್ನಡದಲ್ಲಿ ಮಾತಾಡಿಸಿದ್ದೇನೆ.

ಮಿಲಿಟರಿಯಲ್ಲಿದ್ದರು ಎಂದ ಕೂಡಲೇ ಜನರ ಕಣ್ಣ ಮುಂದೆ ಬಂದೂಕು, ಬಾಂಬು, ದೊಡ್ಡ ಮೀಸೆ ಬರುತ್ತದೆ. ನಮ್ಮವರಿಗೆ ಮೀಸೆಯೂ ಸರಿಯಾಗಿ ಬರುತ್ತಿರಲಿಲ್ಲ. ಅವರು ಸಿಗ್ನಲ್ ವಿಭಾಗದಲ್ಲಿ ಲೈನ್‌ಮನ್ ಆಗಿದ್ದವರು. ಒಂದು ಠಾಣೆಯಿಂದ ಇನ್ನೊಂದು ಠಾಣೆಗೆ ಟೆಲಿಫೋನ್ ತಂತಿ ಎಳೆಯುವುದು, ತುಂಡಾದರೆ ಹುಡುಕಿ ಜೋಡಿಸುವುದು ಅವರ ಕೆಲಸ. ಆಯುಧ ಎಂದರೆ ಒಂದು ಕಟಿಂಗ್ ಪ್ಲೇಯರ್, ಒಂದು ಸುರುಳಿ ಕಪ್ಪು ಟೇಪು.

ಒಂದು ವರ್ಷ ಸ್ವಾತಂತ್ರ್ಯ ದಿನಾಚರಣೆಗೆ ಹತ್ತಿರದ ಶಾಲೆಯವರು ಭಾಷಣಕ್ಕೆ ಕರೆದರು. "ಯುದ್ಧದ ಅನುಭವ ಹೇಳಿ ಸರ್, ಮಕ್ಕಳಿಗೆ ಮೈ ಜುಮ್ಮೆನ್ನಬೇಕು" ಎಂದರು ಹೆಡ್‌ಮಾಸ್ಟರು. ಇವರು ವೇದಿಕೆ ಹತ್ತಿ ಜೇಬಿನಿಂದ ಎರಡು ತುಂಡು ತಂತಿ ತೆಗೆದು, ಅವುಗಳನ್ನು ಗಟ್ಟಿಯಾಗಿ ಹೆಣೆಯುವುದು ಹೇಗೆ ಎಂದು ಮುಕ್ಕಾಲು ಗಂಟೆ ಕಲಿಸಿದರು. ಕೊನೆಗೆ ಒಂದು ಹುಡುಗಿ ತಾಳಲಾರದೆ ಎದ್ದು ನಿಂತು, "ಸರ್, ನೀವು ಎಷ್ಟು ಜನರನ್ನು ಕೊಂದಿದ್ದೀರಿ?" ಎಂದು ಕೇಳಿತು.

"ಯಾರನ್ನೂ ಇಲ್ಲ ಮಗಾ. ಆದರೆ ನಾನು ಜೋಡಿಸಿದ ತಂತಿ ಇವತ್ತಿನವರೆಗೆ ಒಂದೂ ಬಿಟ್ಟಿಲ್ಲ!"

ಮರುವರ್ಷ ಶಾಲೆಯವರು ಒಬ್ಬ ನಿವೃತ್ತ ಪೋಸ್ಟ್‌ಮ್ಯಾನರನ್ನು ಕರೆದರು. ಅವರು ಎರಡು ಯುದ್ಧದ ಕತೆ ಹೇಳಿದರಂತೆ.

ಇನ್ನು ಆ ಸಿನೆಮಾದ ವಿಷಯ. ಅವರು ಸೈನ್ಯ ಬಿಟ್ಟು ಬಂದ ವರ್ಷ ಪುತ್ತೂರಿನ ಟಾಕೀಸಿಗೆ ಒಂದು ತಮಿಳು ಸಿನೆಮಾ ಬಂತು. ಪೋಸ್ಟರಿನಲ್ಲಿ ಯೂನಿಫಾರಂ ಹಾಕಿದ ನಾಯಕ, ಎರಡು ಕೈಯಲ್ಲಿ ಎರಡು ಬಂದೂಕು, ಹಿಂದೆ ಬೆಂಕಿ. ರಜೆಗೆ ಬಂದ ಸೈನಿಕನ ಸಂಸಾರವನ್ನು ದುಷ್ಟರು ಕೊಲ್ಲುತ್ತಾರೆ, ಆಮೇಲೆ ಅವನು ಒಬ್ಬೊಬ್ಬರನ್ನೇ ಹುಡುಕಿ ಸೇಡು ತೀರಿಸುತ್ತಾನೆ. ಕತೆ ಇಷ್ಟೇ. ಆದರೆ ನಮಗೆ ಅದು ಮೊದಲೇ ಗೊತ್ತಿರಲಿಲ್ಲ. ಮಿಲಿಟರಿ ಸಿನೆಮಾ ಎಂಬ ಅಭಿಮಾನದಿಂದ ಬಸ್ಸು ಹತ್ತಿ ಹೋದೆವು.

ಸುರುವಿನಿಂದಲೇ ಇವರ ವಿಮರ್ಶೆ ನಡೆದಿತ್ತು. "ಇವನ ಕೂದಲು ನೋಡು ಮಾರಾಯ್ತಿ! ನಮ್ಮ ಸುಬೇದಾರರು ನೋಡಿದ್ರೆ ಅಲ್ಲೇ ಕೂರಿಸಿ ಬೋಳಿಸ್ತಿದ್ರು." "ರಜೆಯಲ್ಲಿ ಬಂದವ ಮನೆಯೊಳಗೆ ಎಂತಕ್ಕೆ ಯೂನಿಫಾರಂ ಹಾಕುದು? ಲುಂಗಿ ಇಲ್ವಾ ಇವನಿಗೆ?" ಮುಂದಿನ ಸಾಲಿನವರು ಹಿಂದೆ ತಿರುಗಿ ಕೈಮುಗಿದರು. "ಅಣ್ಣಾ, ಮೊದಲೇ ತಮಿಳು ಅರ್ಥ ಆಗುದಿಲ್ಲ. ಅದರ ಮೇಲೆ ನಿಮ್ಮದು ಬೇರೆ ಬೇಡ."

ಆಮೇಲೆ ಆ ದೃಶ್ಯ ಬಂತು. ಸೈನಿಕನ ಮಗಳು, ನಾಲ್ಕು ವರ್ಷದ ಹುಡುಗಿ, ಗೇಟಿನ ಹತ್ತಿರ ನಿಂತು ಬಳೆ ಬೇಕು ಎನ್ನುತ್ತಾಳೆ. ಅವನು ಸೈಕಲ್ಲು ಹತ್ತಿ ಪೇಟೆಗೆ ಹೊರಡುತ್ತಾನೆ. ಮಗು ಕೈ ಬೀಸುತ್ತದೆ. ದೂರದಲ್ಲಿ ಒಂದು ಕಪ್ಪು ಜೀಪು. ಸಂಗೀತ ಬದಲಾಗುತ್ತದೆ...

ನಮ್ಮವರು ಎದ್ದು ನಿಂತರು. "ಏಳು, ಹೋಗುವ."

"ಎಂತಕ್ಕೆ? ಈಗಷ್ಟೇ ಸುರುವಾದದ್ದಲ್ವಾ?"

"ಮುಗಿಯಿತು."

ನಾನು ಏಳಲಿಲ್ಲ. ಕಡಬದಿಂದ ಪುತ್ತೂರಿನವರೆಗೆ ಬಸ್ಸಿನಲ್ಲಿ ನಿಂತುಕೊಂಡು ಬಂದವಳಿಗೆ ಕಾಲು ಭಾಗ ಸಿನೆಮಾ ಸಾಕಾಗುತ್ತದೆಯೇ? ಹಟ ಹಿಡಿದು ಪೂರ್ತಿ ನೋಡಿದೆ. ನೋಡಬಾರದಿತ್ತು.

ಹೊರಗೆ ಬಂದಾಗ ಅವರು ಬೆಂಚಿನ ಮೇಲೆ ಕಡ್ಲೆ ಪೊಟ್ಟಣ ಹಿಡಿದುಕೊಂಡು ಕೂತಿದ್ದರು. "ಎಂತ ಆಯ್ತು?" ಎಂದು ಕೇಳಿದರು. ಎಂತ ಆಯಿತೆಂದು ಅವರಿಗೆ ಗೊತ್ತಿತ್ತು. ಆ ಸಂಗೀತ ಕೇಳಿದ ಯಾರಿಗಾದರೂ ಗೊತ್ತಾಗುತ್ತದೆ. ಗೊತ್ತಿದ್ದೇ ಕೇಳಿದರು.

"ಬಳೆ ತಂದ," ಎಂದೆ.

"ಎಂತ ಬಣ್ಣ?"

"ಕೆಂಪು. ಕೈಗೆ ಒಂಚೂರು ದೊಡ್ಡದಾಯ್ತು ಅವಳಿಗೆ."

"ಬೆಳೆಯುವ ಮಕ್ಕಳಲ್ವಾ? ಸರಿಯಾಗ್ತದೆ," ಎಂದು ಉಳಿದ ಕಡ್ಲೆಯನ್ನೆಲ್ಲ ನನ್ನ ಕೈಗೆ ಸುರಿದರು. ನಾನು ಹೇಳಿದ ಸುಳ್ಳುಗಳಲ್ಲಿ ಇಷ್ಟು ದೂರ ನಡೆದ ಸುಳ್ಳು ಬೇರೊಂದಿಲ್ಲ.

ಅದೇ ವರ್ಷ ಅವರು ಕೇಬಲ್ ಟಿ.ವಿ. ಹಾಕಿದರು. ತಂತಿ ಬಿಟ್ಟರೆ ಬೇರೆ ವಿದ್ಯೆ ಗೊತ್ತಿಲ್ಲದವರು ಮತ್ತೇನು ಮಾಡಿಯಾರು? ಕಂಬದಿಂದ ಮರಕ್ಕೆ, ಮರದಿಂದ ಹಂಚಿನ ಮಾಡಿಗೆ ತಂತಿ ಎಳೆದು ಮನೆಮನೆಗೆ ಕನೆಕ್ಷನ್ ಕೊಟ್ಟರು. ಭಾನುವಾರ ಮಧ್ಯಾಹ್ನ ಸ್ವಂತ ಚಾನೆಲಿನಲ್ಲಿ ಸಿ.ಡಿ. ಹಾಕಿ ಒಂದು ಸಿನೆಮಾ ಬಿಡುವ ಪದ್ಧತಿ. ಮೊದಲನೆಯ ಭಾನುವಾರವೇ ಅವರು ಆ ತಮಿಳು ಸಿನೆಮಾದ ಸಿ.ಡಿ. ತಂದರು. ನಾನು ಬೆರಗಾದೆ. ನೋಡಲಾರದೆ ಎದ್ದು ಬಂದವರು ಇವರೇ ಅಲ್ಲವೇ?

ಆದರೆ ನಮ್ಮವರ ಲೆಕ್ಕಾಚಾರ ಬೇರೆಯೇ ಇತ್ತು. ಮಗು ಕೈ ಬೀಸಿತು. ಕಪ್ಪು ಜೀಪು ಕಾಣಿಸಿಕೊಳ್ಳುವ ಮೊದಲೇ ಇವರು ತಂತಿ ಕಿತ್ತು, ಪಕ್ಕದಲ್ಲಿ ಸಿದ್ಧವಾಗಿದ್ದ ಯಕ್ಷಗಾನದ ಕ್ಯಾಸೆಟ್ ಪ್ಲೇಯರಿಗೆ ಸಿಕ್ಕಿಸಿದರು. ಅರ್ಧ ನಿಮಿಷವಾಗಲಿಲ್ಲ, ಫೋನು ಬಡಿದುಕೊಳ್ಳಲು ಸುರುವಾಯಿತು.

"ಎಂತ ಮಾರಾಯ್ರೆ, ಫಿಲ್ಮು ನಿಂತಿತಲ್ಲ?"

"ನಿಂತದ್ದಲ್ಲ. ಮುಗಿದದ್ದು."

"ಇಷ್ಟು ಬೇಗ?"

"ತಮಿಳಿನವರು ಈಗ ಸಣ್ಣ ಸಣ್ಣ ಫಿಲ್ಮು ಮಾಡುದು."

"ಹಾಗಾದ್ರೆ ಆ ಮಿಲಿಟ್ರಿಯವ ಬಳೆ ತರ್ಲಿಕ್ಕೆ ಅಂತ ಹೋಗಿ ಯಕ್ಷಗಾನ ಮೇಳಕ್ಕೆ ಸೇರಿದನಾ?"

"ಬಳೆ ತಂದು ಕೊಟ್ಟ. ಕೆಂಪು ಬಳೆ. ಎಲ್ಲರೂ ಚೆನ್ನಾಗಿದ್ದಾರೆ. ನೀವು ಯಕ್ಷಗಾನ ನೋಡಿ!"

ಕೆಲವರು ಬೈದರು. ಕೆಲವರು ಕನೆಕ್ಷನ್ ತೆಗೆಸುತ್ತೇನೆ ಎಂದರು. ಇವರು ಏಣಿ ಹೆಗಲ ಮೇಲಿಟ್ಟುಕೊಂಡು, "ಈಗಲೇ ಬರ್ಬೇಕಾ, ಕಾಪಿ ಕುಡಿದು ಬರ್ಬೇಕಾ?" ಎಂದು ಕೇಳಿದ ಮೇಲೆ ಯಾರೂ ತೆಗೆಸಲಿಲ್ಲ. ಹೊಸ ಸಿ.ಡಿ. ಸಿಗದ ಭಾನುವಾರಗಳಲ್ಲೆಲ್ಲ ಅದೇ ಸಿನೆಮಾ, ಅದೇ ಜಾಗಕ್ಕೆ ಮುಕ್ತಾಯ. ನಾಲ್ಕೈದು ವರ್ಷದಲ್ಲಿ ನಮ್ಮ ಕೇಬಲ್ ಇದ್ದಷ್ಟು ಮನೆಗಳಿಗೂ ಅದು ರಜೆಯಲ್ಲಿ ಬಂದ ಸೈನಿಕ ಮೀನು ಸಾರು ಉಂಡು, ಅಮ್ಮನ ಕಾಲು ಒತ್ತಿ, ಮಗಳಿಗೆ ಬಳೆ ತರುವ ಒಳ್ಳೆಯ ಸಾಂಸಾರಿಕ ಸಿನೆಮಾ ಆಗಿಬಿಟ್ಟಿತು. ಪೋಸ್ಟರಿನಲ್ಲಿ ಎರಡು ಬಂದೂಕು ಎಂತಕ್ಕೆ ಎಂದು ಯಾರೂ ಕೇಳಲಿಲ್ಲ.

ಗುಂಡ್ಯದಲ್ಲಿ ಹೋಟೆಲು ನಡೆಸುವ ನಮ್ಮ ಗಿರಾಕಿಯೊಬ್ಬರು ಒಮ್ಮೆ ಕೊಯಮತ್ತೂರಿಗೆ ಹೋಗಿದ್ದರು. ಬಸ್ಸಿನಲ್ಲಿ ಅದೇ ಸಿನೆಮಾ ಹಾಕಿದ್ದಾರೆ, ಪೂರ್ತಿ! ಬಸ್ಸು ಇಳಿದವರೇ ಫೋನು ಮಾಡಿದರು.

"ಅಣ್ಣಾ, ಅನ್ಯಾಯ! ಕೊಂದುಬಿಟ್ರು!"

"ಯಾರನ್ನು?"

"ಎಲ್ಲರನ್ನೂ! ಆ ಅಮ್ಮ, ಹೆಂಡತಿ, ಆ ಬಳೆಯ ಮಗು..."

ನಮ್ಮವರು ಗದರಿದರು. "ನೀವು ಎಂತಕ್ಕೆ ನೋಡಿದ್ದು?"

ಪಾಪ, ಆ ಮನುಷ್ಯರು ತಾವೇ ಕೊಂದವರಂತೆ ಕ್ಷಮೆ ಕೇಳಿ ಫೋನು ಇಟ್ಟರು!

ಸುಳ್ಯದಲ್ಲಿ ಮೊಬೈಲು ಅಂಗಡಿ ಇಟ್ಟಿರುವ ಇವರ ತಂಗಿಯ ಮಗನಿಗೆ ಮಾತ್ರ ಇದು ಸಹಿಸುತ್ತಿರಲಿಲ್ಲ. "ಮಾವ, ನಿಜವಾದ ಫಿಲ್ಮು ಸುರುವಾಗುದೇ ನೀವು ನಿಲ್ಲಿಸಿದಲ್ಲಿಂದ. ಸೇಡು ತೀರಿಸುದು ಉಂಟಲ್ಲ, ಅದೇ ಭರ್ಜರಿ."

"ಎಷ್ಟು ಜನರನ್ನು ಕೊಲ್ತಾನೆ?"

"ಮೂವತ್ತು ನಲವತ್ತು."

"ಅಷ್ಟು ಕೊಂದ ಮೇಲೆ ಮಗು ಎದ್ದು ಬರ್ತದಾ?"

"ಇಲ್ಲ."

"ಮತ್ತೆಂತಕ್ಕೆ ಅಷ್ಟು ಜೀಪು ಸುಡುದು? ಒಳ್ಳೆ ಕಂಡೀಶನಿನ ಜೀಪುಗಳು!"

ಆದರೆ ಇವರಿಗೆ ಒಬ್ಬರು ದೊಡ್ಡ ಅಭಿಮಾನಿ ಇದ್ದರು. ಕೊಲ್ಲಮೊಗ್ರಿನ ನನ್ನ ದೊಡ್ಡಮ್ಮ. ಪುತ್ತೂರಿನಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು ನಮ್ಮಲ್ಲಿ ಒಂದು ತಿಂಗಳು ಉಳಿದಿದ್ದರು. ಟಿ.ವಿ. ನೋಡಬಾರದೆಂದು ಡಾಕ್ಟರರ ಅಪ್ಪಣೆ. ದೊಡ್ಡಮ್ಮ ಕಪ್ಪು ಕನ್ನಡಕ ಹಾಕಿ, ಟಿ.ವಿ.ಗೆ ಬೆನ್ನು ಮಾಡಿ ಕೂತರು. "ನೋಡುದು ಬೇಡ ಅಂದದ್ದು. ಕೇಳುದು ಬೇಡ ಅನ್ನಲಿಲ್ಲ."

ಇವರಿಗೆ ಸೈನ್ಯದ ಗೆಳೆಯರಿಂದ ಕಲಿತ ತಮಿಳು ಚೆನ್ನಾಗಿಯೇ ಬರುತ್ತಿತ್ತು. ಆದರೆ ದೊಡ್ಡಮ್ಮನಿಗೆ ಅವರು ಹೇಳುತ್ತಿದ್ದ ಅರ್ಥವೇ ಬೇರೆ. ನಾಯಕ ಹೆಂಡತಿಯ ಸೊಂಟ ಹಿಡಿದು ಹಾಡುವಾಗ, "ದನಕ್ಕೆ ಹಿಂಡಿ ಹಾಕಿ ಆಯ್ತಾ ಅಂತ ಕೇಳ್ತಾ ಇದ್ದಾನೆ ದೊಡ್ಡಮ್ಮ" ಎಂದರು.

"ಜವಾಬ್ದಾರಿ ಉಂಟು ಹುಡುಗನಿಗೆ," ಎಂದರು ದೊಡ್ಡಮ್ಮ.

ಊರಿಗೆ ಹೋದ ಮೇಲೆ ದೊಡ್ಡಮ್ಮ ಫೋನು ಮಾಡಿದಾಗಲೆಲ್ಲ ನನ್ನನ್ನು ಕೇಳುವುದಲ್ಲ, ಇವರನ್ನು ಕರೆಸುವುದು. "ಆ ಮಿಲಿಟ್ರಿಯವನ ಮಗಳು ಹೇಗಿದ್ದಾಳೆ ಮಗಾ?"

"ಚೆನ್ನಾಗಿದ್ದಾಳೆ. ಈಗ ನಾಲ್ಕನೇ ಕ್ಲಾಸು."

"ಮೊನ್ನೆ ಗೇಟಿನ ಹತ್ತಿರ ನಿಂತಾಗ ನಾಲ್ಕು ವರ್ಷ ಅಂದಿದ್ದಿ?"

"ತಮಿಳಿನ ಮಕ್ಕಳು ಬೇಗ ಕಲೀತಾರೆ ದೊಡ್ಡಮ್ಮ!"

ಹೀಗೆ ಫೋನಿನಲ್ಲಿಯೇ ಆ ಹುಡುಗಿ ಬೆಳೆದಳು. ಏಳನೆಯದು ಮುಗಿಸಿದಳು. ಹತ್ತನೆಯದರಲ್ಲಿ ಗಣಿತದಲ್ಲಿ ಸ್ವಲ್ಪ ಹಿಂದೆ ಬಿದ್ದು ಆಮೇಲೆ ಸುಧಾರಿಸಿದಳು. ಕಾಲೇಜಿಗೆ ಹೋದಳು, ಅಪ್ಪನ ಸೈಕಲ್ಲು ಬಿಟ್ಟು ಸ್ಕೂಟರ್ ಕಲಿತಳು, ಒಮ್ಮೆ ಬಿದ್ದು ಮೊಣಕಾಲು ತರಚಿಕೊಂಡಳು. ನಾನು ಅಡುಗೆಮನೆಯಲ್ಲಿ ತೆಂಗಿನಕಾಯಿ ಕೆರೆಯುತ್ತ ಕೇಳಿಸಿಕೊಳ್ಳುತ್ತಿದ್ದೆ. ಒಂದು ದಿನ ದೊಡ್ಡಮ್ಮ, "ನಮ್ಮಲ್ಲಿ ಒಬ್ಬ ಒಳ್ಳೆ ಹುಡುಗ ಇದ್ದಾನೆ, ಆ ಮಗುವಿಗೆ ಕೇಳಿ ನೋಡುವಾ?" ಎಂದರು.

"ತಮಿಳಿನವರು ಅಷ್ಟು ದೂರದಿಂದ ಕೊಡ್ತಾರಾ ದೊಡ್ಡಮ್ಮ?"

"ಅವಳ ಅಪ್ಪ ನಿನ್ನ ಮಾತು ಕೇಳ್ತಾನೆ. ಇಬ್ಬರೂ ಮಿಲಿಟ್ರಿಯವರಲ್ವಾ?"

ಇವರು ಫೋನು ಇಟ್ಟು ಎಷ್ಟೋ ಹೊತ್ತು ಅದನ್ನೇ ನೋಡುತ್ತ ನಿಂತಿದ್ದರು.

ಆಮೇಲೆ ಎಲ್ಲರ ಮಾಡಿನ ಮೇಲೂ ಡಿಶ್ಶಿನ ಸಣ್ಣ ಕೊಡೆಗಳು ಬಂದವು, ಕೈಯಲ್ಲಿ ಮೊಬೈಲು ಬಂತು. ಕೇಬಲಿನ ಮನೆಗಳು ಬೆರಳೆಣಿಕೆಗೆ ಇಳಿದವು. ಆ ಕೆಲವೇ ಮನೆಗಳಿಗೂ ಇವರು ಭಾನುವಾರ ಸಿನೆಮಾ ಬಿಡುವುದನ್ನು ನಿಲ್ಲಿಸಲಿಲ್ಲ, ಜೀಪು ಬರುವ ಮೊದಲು ತಂತಿ ಕೀಳುವುದನ್ನೂ ಬಿಡಲಿಲ್ಲ. "ನೀವು ಬಿಡದಿದ್ರೂ ಜನ ಮೊಬೈಲಿನಲ್ಲಿ ನೋಡ್ತಾರೆ," ಎಂದೆ ಒಮ್ಮೆ. "ನೋಡ್ಲಿ. ನನ್ನ ತಂತಿಯಲ್ಲಿ ಆಗ್ಲಿಕ್ಕಿಲ್ಲ," ಎಂದರು.

ಅವರಿಗೆ ಮಂಡೆ ಸರಿ ಇರಲಿಲ್ಲ ಎನ್ನುವವರಿಗೆ ನಾನು ಇನ್ನು ಮುಂದಿನದನ್ನು ಹೇಳಬೇಕು.

ನಮಗೊಬ್ಬಳು ಮಗಳಿದ್ದಳು. ಅವಳಿಗೆ ನಾಲ್ಕು ವರ್ಷ. ಅಪ್ಪ ರಜೆ ಮುಗಿಸಿ ಹೊರಡುವಾಗ, ಮುಂದಿನ ಸಲ ಕೆಂಪು ಬಳೆ ತರಬೇಕು ಎಂದು ಹೇಳಿದ್ದಳು. ಅವರು ಹಿಮ ಬೀಳುವ ಕಡೆ ಇದ್ದರು. ಇಲ್ಲಿ ಅವಳಿಗೆ ಜ್ವರ ಬಂತು, ಮೂರನೆಯ ದಿನ ಹೋದಳು. ಡಾಕ್ಟರರು ಮಾಡಬೇಕಾದ್ದನ್ನೆಲ್ಲ ಮಾಡಿದ್ದರು. ಸುದ್ದಿ ಕಳಿಸಿದೆವು. ಆದರೆ ಅಲ್ಲಿ ಹಿಮ ಬಿದ್ದು ಮೇಲಿನ ಠಾಣೆಯ ತಂತಿ ತುಂಡಾಗಿತ್ತು. ಎರಡು ದಿನ ಹಿಮದಲ್ಲಿ ಹುಡುಕಿ ಅದನ್ನು ಜೋಡಿಸಿದವರು ಅವರೇ. ಜೋಡಿಸಿ, ಸರಿಯಾಯಿತೇ ಎಂದು ನೋಡಲು "ಹಲೋ" ಎಂದರು. ಆ ತಂತಿಯಲ್ಲಿ ಮೊದಲು ಬಂದ ಸುದ್ದಿ ಅದು.

"ಆ ಎರಡು ದಿನ ಅವಳು ನನಗೆ ಇದ್ದಳು. ನಾನೇ ಜೋಡಿಸಿದೆ," ಎಂದು ನನ್ನ ಹತ್ತಿರ ಒಂದೇ ಒಂದು ಸಲ ಹೇಳಿದ್ದಾರೆ.

ಯಾರ ಮೇಲೆ ಸೇಡು ತೀರಿಸುವುದು? ಜ್ವರದ ಮೇಲೆಯೇ? ಹಿಮದ ಮೇಲೆಯೇ? ಸಿನೆಮಾದವನಿಗೆ ಹುಡುಕಿಕೊಂಡು ಹೋಗಲು ಒಂದು ಕಪ್ಪು ಜೀಪಾದರೂ ಇತ್ತು. ಇವರಿಗೆ ಅದೂ ಇರಲಿಲ್ಲ. ಸಿಕ್ಕಿದ್ದು ಒಂದು ತಂತಿ. ಅದನ್ನು ಸರಿಯಾದ ಹೊತ್ತಿಗೆ ಕಿತ್ತರು. ಒಂದು ಸಲ ಅಲ್ಲ, ನೂರಾರು ಸಲ. ಇದು ಹುಚ್ಚಾದರೆ ಆ ಹುಚ್ಚು ನನಗೂ ಇರಲಿ.

ಕಳೆದ ವರ್ಷ ಅವರಿಗೆ ಎದೆನೋವು ಬಂತು. ಪುತ್ತೂರಿನಿಂದ ಮಂಗಳೂರಿಗೆ ಕರೆದುಕೊಂಡು ಹೋಗುವಾಗ ಹತ್ತಿರದ ಕಬಕವನ್ನೂ ದಾಟಲಿಲ್ಲ.

ನಮ್ಮಲ್ಲಿ ತೀರಿಕೊಂಡವರಿಗೆ ಎಲೆ ಹಾಕಿ ಬಡಿಸುವ ಕ್ರಮ ಉಂಟು. ಅವರಿಗೆ ಇಷ್ಟವಾದದ್ದನ್ನೆಲ್ಲ ಅಡುಗೆ ಮಾಡಿ, ಒಳಗಿನ ಕೋಣೆಯಲ್ಲಿ ಬಡಿಸಿ, ದೀಪ ಇಟ್ಟು, ಬಾಗಿಲು ಎಳೆದು ಎಲ್ಲರೂ ಹೊರಗೆ ಕಾಯುವುದು. ಅವರು ಬಂದು ಉಣ್ಣುತ್ತಾರೆ. ಬಾಗಿಲು ತೆರೆಯುವ ಮೊದಲು ಮನೆಯವರೊಬ್ಬರು ಮೂರು ಸಲ ತಟ್ಟಬೇಕು. ಉಣ್ಣುವವರಿಗೆ ಎದ್ದು ಹೊರಡಲು ಹೊತ್ತು ಬೇಕಲ್ಲ?

ಮೊನ್ನೆ ಅವರು ಹೋಗಿ ವರ್ಷ ತುಂಬಿತು. ಕೋಳಿ ಸುಕ್ಕ, ರೊಟ್ಟಿ, ಮಿಲಿಟರಿ ಕ್ಯಾಂಟೀನಿನ ರಮ್ಮು ಒಂದು ಗ್ಲಾಸು, ಪಕ್ಕದಲ್ಲಿ ಅವರ ಕಟಿಂಗ್ ಪ್ಲೇಯರ್. ಬಡಿಸಿ ಏಳುವಾಗ ದೊಡ್ಡಮ್ಮ ಒಂದು ಸಣ್ಣ ಎಲೆ ಹಿಡಿದುಕೊಂಡು ಬಂದರು. ಎಂಬತ್ತು ದಾಟಿದೆ ಅವರಿಗೆ, ಆದರೂ ಕೊಲ್ಲಮೊಗ್ರಿನಿಂದ ಬಂದಿದ್ದರು. "ಇದನ್ನೂ ಹಾಕು ಮಗಾ, ಅವನ ಬಲಗಡೆ."

ಇವರ ಅಣ್ಣ ತಡೆದರು. "ಅಷ್ಟು ಸಣ್ಣ ಮಗುವಿಗೆಲ್ಲ ಎಲೆ ಹಾಕುವ ಕ್ರಮ ನಮ್ಮಲ್ಲಿಲ್ಲ ದೊಡ್ಡಮ್ಮ."

"ಸಣ್ಣ ಮಗುವಾ?" ಎಂದರು ದೊಡ್ಡಮ್ಮ. "ಅವಳಿಗೆ ನಾನು ಹುಡುಗ ನೋಡಿದ್ದೆ ಮಾರಾಯ! ಯಾರ ಹತ್ತಿರ ಕ್ರಮ ಹೇಳುದು ನೀನು?"

ಭಾವ ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ನಾಲ್ಕು ವರ್ಷದ್ದು ಹೇಗೆ ನಾಲ್ಕನೇ ಕ್ಲಾಸಿಗೆ ಹೋಯಿತು ಎಂದು ಕೇಳಿದ್ದು ದೊಡ್ಡಮ್ಮ ಒಂದೇ ಸಲ. ಬೆನ್ನು ಮಾಡಿ ಕೂತವರಿಗೆ ಎಲ್ಲ ಕಾಣಿಸಿತ್ತು. ನಾನು ನಮ್ಮವರ ಟ್ರಂಕು ತೆರೆದು, ಆಗ ಸೈನ್ಯದಿಂದ ಅವರ ಜತೆ ಐದು ದಿನ ತಡವಾಗಿ ಬಂದಿದ್ದ ಕೆಂಪು ಬಳೆಗಳನ್ನು ತೆಗೆದು ಸಣ್ಣ ಎಲೆಯ ಪಕ್ಕದಲ್ಲಿಟ್ಟೆ. ಬಾಗಿಲು ಎಳೆದೆವು.

ಹೊರಗೆ ಕಾಯುವ ಹೊತ್ತಿನಲ್ಲಿ ಸುಳ್ಯದ ಮೊಬೈಲು ಅಂಗಡಿಯ ಅಳಿಯ ಟಿ.ವಿ.ಗೆ ಅದೇ ಸಿನೆಮಾ ಹಾಕಿದ. "ಮಾವನ ಫಿಲ್ಮು. ಇವತ್ತೊಂದು ದಿನ ಆದ್ರೂ ಪೂರ್ತಿ ನೋಡುವ ಅತ್ತೆ." ಎಲ್ಲರೂ ನಕ್ಕರು. ಗುಂಡ್ಯದ ಹೋಟೆಲಿನವರು ಮಾತ್ರ ಎದ್ದು ಅಂಗಳಕ್ಕೆ ಹೋದರು. ಸೈನಿಕ ಮೀನು ಸಾರು ಉಂಡ, ಅಮ್ಮನ ಕಾಲು ಒತ್ತಿದ, ಸೈಕಲ್ಲು ಹತ್ತಿದ. ಮಗು ಕೈ ಬೀಸಿತು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

ಜನ್ಮದಲ್ಲಿ ನಾನು ತಂತಿ ಮುಟ್ಟಿದವಳಲ್ಲ. ಎದ್ದು ಹೋಗಿ ಟಿ.ವಿ.ಯ ಹಿಂದೆ ಕೈ ಹಾಕಿ, ಸಿಕ್ಕಿದ್ದನ್ನೆಲ್ಲ ಕಿತ್ತೆ.

"ಎಂತ ಅತ್ತೆ!"

"ಮುಗಿಯಿತು," ಎಂದೆ. "ಬಳೆ ತಂದು ಕೊಟ್ಟರು. ಎಲ್ಲರೂ ಚೆನ್ನಾಗಿದ್ದಾರೆ."

"ಹಾಗಾದ್ರೆ ಬಾಗಿಲು ತಟ್ಟು ಮಗಾ. ಹೊತ್ತಾಯಿತು," ಎಂದರು ದೊಡ್ಡಮ್ಮ.

ಬಾಗಿಲ ಹತ್ತಿರ ಹೋದೆ. ಒಂದು ಸಲ ತಟ್ಟಿದೆ. ಎರಡನೆಯ ಸಲ ತಟ್ಟಿದೆ. ಹಿಂದೆ ಎಲ್ಲರೂ ಮೂರನೆಯದಕ್ಕೆ ಕಾಯುತ್ತಿದ್ದರು. ನಾನು ಕೈ ಕೆಳಗಿಳಿಸಿ, ಬಾಗಿಲಿಗೆ ಬೆನ್ನು ಕೊಟ್ಟು ಹೊಸ್ತಿಲಲ್ಲಿ ಕೂತುಬಿಟ್ಟೆ.

ತಂದೆ ಮಗಳು ಇನ್ನೂ ಸ್ವಲ್ಪ ಹೊತ್ತು ಉಣ್ಣಲಿ.